ಅಂಚು ಮೀರಿದ ಐದು ಮನಿ

ಸೊಲ್ಲಾಪುರದ ಅಕ್ಕಲಕೋಟ ರೋಡಿಗೆ ಕಾರಖಾನಿ,
ಮ್ಯಾಲ ತಗಡಿನ ಖೋಲಿಯೊಳಗ ನನ್ನ ಕಂಪ್ಯೂಟರು.
ಕೆಳಗ ಹದಿನಾರು ಮಗ್ಗ ಒಮ್ಮಿಗೇ ಎದ್ದರ
ನನ್ನ ಚಹಾದ ಕಪ್ಪಿನಾಗ ಉಂಗುರ ಏಳತಾವ.

ಚಾದರಿನ ನವಿಲು, ಎರಡು ಸಾವಿರದ ನಾನೂರು ಹುಕ್ಕಿಂದು,
ಪರದೆ ಮ್ಯಾಲ ಮೂಡೂದಕ್ಕ ಹತ್ತು ಮಿನಿಟು ಬೇಕು.
ಮೊದಲು ಕಾಲು, ಆಮ್ಯಾಲ ಹೊಟ್ಟಿ,
ಗರಿ ಬರೂದ್ರಾಗ ಚಹಾ ಆರಿರತದ.
"ಕಾರ್ಡ್ ಹಾಕೋಣಮ್ಮಾ, ಇನ್ನೊಂದು ಡಿಸ್ಕೂ ಹಾಕೋಣ"
ಅಂದರು ನರಸಯ್ಯ ಮಾಲಕರು.
ಅವರ ಕನ್ನಡದಾಗ ಅರ್ಧ ತೆಲುಗು,
ಸಿಟ್ಟು ಬಂದರ ಪೂರಾ ಮರಾಠಿ.

ಮಶಾಕ ತಾಂಬೋಳಿ ಬಂದ. ಡಬ್ಬಿ ಬಿಚ್ಚಿದ.
ಒಳಗ ಹತ್ತಿಧೂಳು, ಗುಬ್ಬಿಗೂಡಿನಷ್ಟು.
ಪವರ್ ಸಪ್ಲೈ ಹೊರಗ ತಗದು
ಅಂಗೈಯಾಗ ಕಲ್ಲಂಗಡಿ ತೂಗಿದಂಗ ತೂಗಿದ.
"ಹಗುರ ಅದ ಅಕ್ಕಾ. ಐನೂರು ಅಂತ ದಪ್ಪ ಬರದಾರ,
ಅದನ್ನ ಬಿಡ್ರಿ. ಸಣ್ಣ ಅಕ್ಷರ ಓದ್ರಿ."

ಹನ್ನೆರಡು ವೋಲ್ಟಿನ ಸಾಲಿಗೆ ಹದಿನೆಂಟು ಆಂಪಿಯರ್.
ಹನ್ನೆರಡು ಹದಿನೆಂಟ್ಲೆ ಇನ್ನೂರಾ ಹದಿನಾರು.
ಉಳಿದದ್ದು ಬಜಾರಿನ ಮಾತು.

ಲೆಕ್ಕ ನನಗ ಅಂಕಿಯೊಳಗ ತಿಳಿಯಂಗಿಲ್ಲ.
ಗ್ರಾಫಿನ ಹಾಳಿ ಹಾಸಿದೆ,
ಹತ್ತು ವ್ಯಾಟಿಗೆ ಒಂದು ಮನಿ.
ಪ್ರೊಸೆಸರಿಗೆ ಕೆಂಪು, ಆರೂವರಿ.
ಹೊಸ ಕಾರ್ಡಿಗೆ ನವಿಲುಗರಿ ನೀಲಿ, ಹನ್ನೆರಡು.
ಬೋರ್ಡಿಗೆ ಹಳದಿ ಮೂರು.
ಎರಡು ಡಿಸ್ಕು, ತಿರುಗಲಿಕ್ಕೆ ಹತ್ತೂ ಹೊತ್ತಿಗೆ
ಎತ್ತು ಗಾಡಿ ಜಗ್ಗಿದಂಗ ಜಗ್ಗತಾವ, ಅದಕ್ಕ ನಾಲ್ಕು.
ಫ್ಯಾನಿಗೊಂದು.
ಇಪ್ಪತ್ತೊಂದೂವರಿಗೆ ಅಂಚು ಎಳದಿದ್ದೆ.
ಬಣ್ಣ ಅಂಚು ದಾಟಿ ಐದು ಮನಿ ಹೊರಗ ಹೋಗಿ ನಿಂತಿತು.

"ಬರೋಬರಿ ಬಂದಿದ್ರೂ ನಡೀತಿರಲಿಲ್ಲ" ಅಂದ ಮಶಾಕ,
"ಟಾವೆಲ್ಲಿಗೆ ಗೊಂಡೆ ಕಟ್ಟೂದಕ್ಕ ನೂಲು ಬಿಡತೀರಲ್ಲ,
ಹಂಗ ಇದಕ್ಕೂ ಬಿಡಬೇಕು."

ಮಾಲಕರು ಹಾಳಿ ಎತ್ತಿ ನೋಡಿದರು.
"ಯಾವ ಡಿಸೈನಮ್ಮಾ ಇದು? ಯಾರು ಕೊಳ್ತಾರ?"

ಕಾರ್ಡ್ ಬಂತು. ಸಪ್ಲೈ ಬರಲಿಲ್ಲ.
ಕಾರ್ಡಿಗೆ ಚಂದದ ಡಬ್ಬಿ, ಮೂರು ಬಣ್ಣದ ದೀಪ.
ಸಪ್ಲೈ ಅನ್ನೂದು ಮೂಲ್ಯಾಗ ಕುಂತು
ಬಿಸಿ ಉಸಿರು ಬಿಡೂದು;
ಅದಕ್ಕ ಯಾರು ರೊಕ್ಕ ಬಿಚ್ಚತಾರ?

ನವಿಲು ಎಂಟು ಎಣಿಸೂದ್ರಾಗ ಮೂಡಿತು.
ಖರೆ ಹೇಳತೀನಿ, ನಾ ಚಪ್ಪಾಳಿ ತಟ್ಟಿದೆ.
ಮಾಲಕರೂ ಬೆನ್ನ ಹಿಂದ ಬಂದು ನಿಂತರು.
"ಪೂರಾ ಚಾದರ್ ತೋರಿಸು."
ಒಂದು ನವಿಲು ನಾಲ್ಕಾತು, ನಾಲ್ಕು ಹದಿನಾರಾತು,
ಪರದೆ ತುಂಬ ಗರಿ ಬಿಚ್ಚತಿದ್ದಂಗ
ಟಕ್.

ಕರೀ ಗಾಜಿನಾಗ ನಾವಿಬ್ಬರೂ ಕಂಡೆವು.
ಕೆಳಗ ಮಗ್ಗ ನಡದೇ ಇದ್ದವು.
"ಕರೆಂಟು ಹೋಯ್ತಾ?"
"ಇಲ್ಲರಿ. ಐದು ಮನಿ."

ಆಗ ಅವರು ಜೇಬಿನಿಂದ ಭಿಂಗ ತಗದರು,
ಇಂಚಿಗೆ ಎಷ್ಟು ಎಳಿ ಅಂತ ಎಣಿಸೂ ಹಿತ್ತಾಳಿ ಭಿಂಗ,
ಅವರ ಅಪ್ಪನ ಕಾಲದ್ದು.
ನೆಲಕ್ಕ ಮೊಣಕಾಲೂರಿ, ಸಪ್ಲೈದ ಚೀಟಿಗೆ ಅದನ್ನ ಹಚ್ಚಿ
ಬಾಳ ಹೊತ್ತು ಓದಿದರು.
ಎರಡು ವರ್ಷದ ಹಿಂದ ಹೇಳದೇ ಕೇಳದೇ
ಹದಿನೇಳನೇ ಮಗ್ಗ ಮೀಟರಿಗೆ ಜೋಡಿಸಿ
ಲೈಟಿನವರಿಗೆ ದಂಡ ಕಟ್ಟಿದವರು ಅವರೇ.
ಆ ಮಾತು ನಾ ಎತ್ತಲಿಲ್ಲ.
"ಹದಿನೆಂಟು," ಅಂದರು ಎದ್ದು.
"ದಪ್ಪ ಬರೀಬಾರದಿತ್ತೇನು, ಹರಾಮಖೋರರು!"
ಈ ಸಲ ಪೂರಾ ಮರಾಠಿ.

ಸೋಮವಾರ ಮಶಾಕ ಹೊಸಾದು ತಂದ.
ಎರಡೂ ಕೈಲೆ ಹಿಡಕೊಂಡು ಮೆಟ್ಟಲ ಹತ್ತಿದ.

ಆ ಗ್ರಾಫಿನ ಹಾಳಿ ಮಾತ್ರ
ನಮೂನಿಗಳ ಜೋಡಿ ಕೆಳಗ ಇಳಿದು ಹೋಗಿತ್ತು.
ಮಗ್ಗದ ರೇವಪ್ಪ ಏನೂ ಕೇಳದ ನೇದುಬಿಟ್ಟಿದ್ದ:
ಅರ್ಧ ಮೀಟರು, ಕೆಂಪು, ನೀಲಿ, ಹಳದಿ,
ಒಂದು ಬದಿಗೆ ಅಂಚು ದಾಟಿದ ಐದು ಮನಿ.
ಯಾರೂ ಕೊಳ್ಳಲಿಲ್ಲ.
ರಾತ್ರಿ ಮಷೀನು ಬಂದ್ ಮಾಡಿ,
ಧೂಳು ಕೂಡಬಾರದಂತ
ಅದನ್ನೇ ಹೊಚ್ಚತೀನಿ.